ಗಾಳಿ ಸ್ಪ್ರಿಂಗಿನ ಗಾಡಿ ಕೂತುಬಿಟ್ಟರೆ ಏನು ಮಾಡಬೇಕು?

ಕಾಫಿಗೆ ಬೆಲೆ ಬಂದ ವರ್ಷ ಬೆಳೆಗಾರನ ಕಣ್ಣು ಮೊದಲು ಹೋಗುವುದು ಗಾಡಿಯ ಮೇಲೆ. 2024ರಲ್ಲಿ ರೊಬಸ್ಟಾ ಬೆಲೆ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿತು. ಆ ಸೆಪ್ಟೆಂಬರಿನಲ್ಲಿ ಲಂಡನ್ ಪೇಟೆಯ ಧಾರಣೆ ಟನ್ನಿಗೆ 5,000 ಡಾಲರು ದಾಟಿದ್ದನ್ನು ಸದಸ್ಯರೆಲ್ಲರೂ ಬಲ್ಲರು. ಅದರ ಹಿಂದೆಯೇ ನಮ್ಮ ಕಡೆ ಹಳೆಯ ಐಷಾರಾಮಿ ಗಾಡಿಗಳ ವ್ಯಾಪಾರವೂ ಏರಿತು. ಬೆಂಗಳೂರಿನಲ್ಲಿ ಹತ್ತು ಹನ್ನೆರಡು ವರ್ಷ ಓಡಿದ, ಹೊಸದಾಗಿದ್ದಾಗ ನಮ್ಮಂಥವರು ಮುಟ್ಟಿ ನೋಡಲೂ ಆಗದಿದ್ದ ವಿಲಾಯತಿ ನಾಲ್ಕುಗಾಲಿ ಎಳೆತದ ಗಾಡಿ ಈಗ ಹೊಸ ಟ್ರ್ಯಾಕ್ಟರಿನ ಬೆಲೆಗೆ ಸಿಗುತ್ತದೆ ಎಂದರೆ ಯಾರಿಗೆ ಆಸೆಯಾಗದು? ನನ್ನ ಭಾವಮೈದುನನಿಗೂ ಆಯಿತು.

ನಮ್ಮದು ಮಳವಳ್ಳಿ ಕಡೆ ಎರಡೂವರೆ ಎಕರೆ ಅಡಿಕೆ, ತೆಂಗು. ಹೆಂಡತಿಯ ತವರು ಸೋಮವಾರಪೇಟೆ ಸೀಮೆ. ಅಲ್ಲಿ ಭಾವಮೈದುನನಿಗೆ ಸಣ್ಣ ಕಾಫಿ ತೋಟವಿದೆ. ಕಣಕ್ಕೆ ಕಾಂಕ್ರೀಟು ಹಾಕಿಸಬೇಕೆಂದು ಎತ್ತಿಟ್ಟಿದ್ದ ಹಣವನ್ನೇ ಅವನು ಗಾಡಿಗೆ ಕೊಟ್ಟ. ಗಾಡಿಯ ಕಂಪನಿಯ ಹೆಸರು ಇಲ್ಲಿ ಬೇಡ. ತಪ್ಪು ಮಾಡಿದವರದಲ್ಲ, ಎರಡು ವರ್ಷ ನೆಲಮಾಳಿಗೆಯಲ್ಲಿ ಧೂಳು ತಿನ್ನಲು ಬಿಟ್ಟವರದು.

ಬೆಂಗಳೂರಿನಿಂದ ಬರುವಾಗ ಎಕ್ಸ್‌ಪ್ರೆಸ್ ರಸ್ತೆಯಿಂದ ಕೆಳಗಿಳಿದು ಮದ್ದೂರಿನಲ್ಲಿ ವಡೆ ತಿನ್ನಲು ನಿಲ್ಲಿಸಿದ್ದಾನೆ. ವಡೆ, ಕಾಫಿ ಮುಗಿಸಿ ಬರುವಷ್ಟರಲ್ಲಿ ಗಾಡಿಯ ಹಿಂದಿನ ಎಡಮೂಲೆ ಟೈರಿನ ಮೇಲೆ ಕೂತಿದೆ. “ಭಾವ, ಗಾಡಿ ಎತ್ತು ಮಂಡಿ ಊರಿದ ಹಾಗೆ ಕೂತದೆ, ಟೈರು ನೋಡುದ್ರೆ ಸರಿಯಾಗೇ ಅದೆ” ಎಂದು ಫೋನು ಮಾಡಿದ. ಅಲ್ಲೇ ಬಿಡು ಎಂದೆ. ಕೇಳಲಿಲ್ಲ. ಎಂಜಿನ್ ಚಾಲೂ ಮಾಡಿದ ಮೇಲೆ ಸ್ವಲ್ಪ ಎದ್ದಿತೆಂದು ಮಂಡ್ಯದವರೆಗಿನ ಸುಮಾರು 20 ಕಿಲೋಮೀಟರು ಓಡಿಸಿಯೇ ಬಿಟ್ಟ. ಅಲ್ಲಿಯ ಒಂದು ಕಾರ್ಖಾನೆಯವರು ನಾಲ್ಕು ದಿನ ಇಟ್ಟುಕೊಂಡು, “ನಾಲ್ಕು ಗಾಳಿ ಚೀಲವೂ ಹೋಗಿದೆ, ಕಂಪ್ರೆಸರ್ ಹೋಗಿದೆ, ಕಂಪ್ಯೂಟರನ್ನೂ ನೋಡಬೇಕು” ಎಂದು ಪಟ್ಟಿ ಕೊಟ್ಟರು. ಗಾಡಿಗೆ ಕೊಟ್ಟ ಹಣದ ಅರ್ಧಕ್ಕಿಂತ ಮಿಗಿಲಾದ ಪಟ್ಟಿ. ಕೊನೆಗೆ ಗಾಡಿಯನ್ನು ಲಾರಿಯ ಮೇಲೆ ಹೇರಿ ನಮ್ಮ ಹಟ್ಟಿಯ ಮುಂದೆ ತಂದಿಳಿಸಿದೆವು. ಮುಂದಿನ ಮೂರು ವಾರದಲ್ಲಿ ಕಲಿತದ್ದನ್ನು ಸದಸ್ಯರ ಉಪಯೋಗಕ್ಕಾಗಿ ಬರೆಯುತ್ತಿದ್ದೇನೆ.

ಗಾಳಿ ಸ್ಪ್ರಿಂಗು ಎಂದರೆ ಏನು?

ನಮ್ಮ ಜೀಪಿಗೆ, ಟ್ರೇಲರಿಗೆ ಇರುವುದು ಕಮಾನು ಪಟ್ಟಿ. ಕಾರುಗಳಿಗೆ ಸಾಮಾನ್ಯವಾಗಿ ಸುರುಳಿ ಸ್ಪ್ರಿಂಗು. ಈ ಜಾತಿಯ ಗಾಡಿಗಳಲ್ಲಿ ಉಕ್ಕಿನ ಬದಲು ರಬ್ಬರಿನ ಚೀಲದಲ್ಲಿ ತುಂಬಿದ ಗಾಳಿಯೇ ಗಾಡಿಯ ಭಾರ ಹೊರುತ್ತದೆ. ರೇಂಜ್ ರೋವರ್ ಗಾಡಿ 1970ರಲ್ಲಿ ಮೊದಲು ಬಂದಾಗ ಸುರುಳಿ ಸ್ಪ್ರಿಂಗಿನದೇ ಆಗಿತ್ತು. 1992ರ ಸುಮಾರಿಗೆ ಅದಕ್ಕೆ ಗಾಳಿ ಸ್ಪ್ರಿಂಗು ಬಂತು. ಆಮೇಲೆ ಜರ್ಮನಿಯ ದೊಡ್ಡ ಗಾಡಿಗಳಿಗೂ ಇದು ರೂಢಿಯಾಯಿತು.

ಇದು ನಮಗೆ ಹೊಸದೆಂದು ಹೆದರಬೇಕಾಗಿಲ್ಲ. 2001ರಲ್ಲಿ ವೋಲ್ವೊ ಬಸ್ಸುಗಳು ಭಾರತಕ್ಕೆ ಬಂದವು, ನಮ್ಮ ರಾಜ್ಯ ರಸ್ತೆ ಸಾರಿಗೆ ನಿಗಮ ಅವನ್ನು ‘ಐರಾವತ’ವೆಂಬ ಹೆಸರಿನಲ್ಲಿ ಓಡಿಸಿತು. ಆ ಬಸ್ಸಿನಲ್ಲಿ ಮೈಸೂರಿಗೆ ಹೋದವರೆಲ್ಲ ಗಾಳಿ ಚೀಲದ ಮೇಲೆಯೇ ಕೂತು ಹೋಗಿದ್ದಾರೆ. ನಿಂತಾಗ ಬಸ್ಸಿನ ಅಡಿಯಿಂದ ‘ಬುಸ್’ ಎಂದು ಕೇಳುವ ಸದ್ದಿನಲ್ಲಿ ಈ ಚೀಲಗಳದ್ದೂ ಒಂದು ಪಾಲಿದೆ. ಬಸ್ಸಿನ ಕೆಲಸದವರು ಇದನ್ನು ‘ಬೆಲೋಸು’ ಎನ್ನುತ್ತಾರೆ.

ಒಟ್ಟು ವ್ಯವಸ್ಥೆ ನಮ್ಮ ಬೋರ್ಡೋ ಸಿಂಪಡಿಸುವ ಪಂಪಿನ ದಾಯಾದಿ. ಗಾಳಿ ಒತ್ತುವುದಕ್ಕೆ ವಿದ್ಯುತ್ ಮೋಟಾರಿನ ಒಂದು ಸಣ್ಣ ಕಂಪ್ರೆಸರ್. ಒತ್ತಿದ ಗಾಳಿಯಲ್ಲಿರುವ ತೇವ ಹೀರುವುದಕ್ಕೆ ಒಂದು ಡಬ್ಬಿ. ಮಾತ್ರೆಯ ಸೀಸೆಯಲ್ಲಿ ಇಡುವ ಸಣ್ಣ ಪೊಟ್ಟಣದೊಳಗಿನಂಥ ಕಾಳುಗಳು ಅದರಲ್ಲಿರುತ್ತವೆ. ಗಾಳಿ ಕೂಡಿಡಲು ಒಂದು ತೊಟ್ಟಿ. ಯಾವ ಚೀಲಕ್ಕೆ ಎಷ್ಟು ಬಿಡಬೇಕೆಂದು ತೆರೆದು ಮುಚ್ಚುವ ವಾಲ್ವುಗಳ ಗುಂಪು. ಸಪೂರ ಪ್ಲಾಸ್ಟಿಕ್ ಕೊಳವೆಗಳು. ನಾಲ್ಕು ಚಕ್ರದ ಬಳಿಯೂ ಎತ್ತರ ಅಳೆಯುವ ಒಂದೊಂದು ಸೆನ್ಸರ್. ಇವೆಲ್ಲದರ ಮೇಲೆ ಯಜಮಾನಿಕೆ ಮಾಡುವ ಕಂಪ್ಯೂಟರ್. ಟೈರಿನ ಗಾಳಿಗಿಂತ ಈ ಚೀಲದ ಗಾಳಿಯ ಒತ್ತಡ ಹಲವು ಪಟ್ಟು ಹೆಚ್ಚು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಅನುಕೂಲವೇನೆಂದರೆ ಗುಂಡಿ ಒತ್ತಿದರೆ ಗಾಡಿ ಎರಡು ಇಂಚಿನಷ್ಟು ಮೇಲೇಳುತ್ತದೆ. ಮಳೆಗಾಲದಲ್ಲಿ ತೋಟದ ದಾರಿಯಲ್ಲಿ ಚಕ್ರದ ಹಾದಿ ಹೊಂಡ ಬಿದ್ದು ನಡುವಿನ ದಿಣ್ಣೆ ಉಳಿದಾಗ ಆ ಎರಡು ಇಂಚಿನ ಬೆಲೆ ಗೊತ್ತಾಗುತ್ತದೆ. ಹಿಂದೆ ನಾಲ್ಕು ಚೀಲ ಗೊಬ್ಬರ ಹಾಕಿದರೂ ಗಾಡಿ ಹಿಂದಕ್ಕೆ ಬಾಗುವುದಿಲ್ಲ.

ಕೆಡುವುದು ಹೇಗೆ?

ಚೀಲದ ಕೆಳಭಾಗದಲ್ಲಿ ರಬ್ಬರು ಒಳಕ್ಕೆ ಮಡಿಚಿಕೊಂಡಿರುತ್ತದೆ. ಗಾಡಿ ಕುಪ್ಪಳಿಸಿದಂತೆಲ್ಲ ಆ ಮಡಿಕೆ ಉರುಳುತ್ತದೆ. ಮಡಿಕೆಯಲ್ಲಿ ಧೂಳು, ಮರಳು ಕೂತರೆ ಅರದಂತೆ ಉಜ್ಜುತ್ತದೆ. ಓಡದೆ ನಿಂತ ಗಾಡಿಯಲ್ಲಿ ಮಡಿಕೆ ಒಂದೇ ಜಾಗದಲ್ಲಿ ತಿಂಗಳುಗಟ್ಟಲೆ ಇದ್ದು ರಬ್ಬರು ಒಣಗಿ ಬಿರುಕು ಬಿಡುತ್ತದೆ. ಎರಡು ವರ್ಷ ಸುತ್ತಿಟ್ಟ ಹನಿ ನೀರಾವರಿ ಕೊಳವೆಯನ್ನು ಬಿಚ್ಚಿ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಬಿರುಕಿನಿಂದ ಗಾಳಿ ಸೋರುತ್ತದೆ. ಸೋರಿದ್ದನ್ನು ತುಂಬಲು ಕಂಪ್ರೆಸರ್ ಮತ್ತೆ ಮತ್ತೆ ಓಡುತ್ತದೆ. ಅದು ಸ್ವಲ್ಪ ಹೊತ್ತು ಓಡಿ ನಿಲ್ಲಲೆಂದು ಮಾಡಿದ ಯಂತ್ರ, ದಿನವಿಡೀ ದುಡಿಯಲಿಕ್ಕಲ್ಲ. ಪಿಸ್ಟನ್ನಿನ ಉಂಗುರ ಸವೆಯುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಗಾಡಿಯನ್ನು ತಗ್ಗಿಸುವಾಗ ಚೀಲದ ಒಣಗಾಳಿ ಆ ಕಾಳಿನ ಡಬ್ಬಿಯ ಮೂಲಕವೇ ಹೊರಹೋಗಿ, ಹೀರಿದ ತೇವವನ್ನು ಹಿಂದಕ್ಕೆ ಒಯ್ಯುತ್ತದೆ. ಹೀಗೆ ಕಾಳು ಮತ್ತೆ ಒಣಗುತ್ತದೆ. ಗಾಳಿ ಬಿರುಕಿನಿಂದ ಹೋದರೆ ಡಬ್ಬಿಗೆ ಆ ಒಣಗಾಳಿ ಸಿಗುವುದೇ ಇಲ್ಲ. ತೇವದ ಗಾಳಿ ಬರುತ್ತಲೇ ಇರುತ್ತದೆ, ಒಣಗುವ ಅವಕಾಶವಿಲ್ಲ. ಕಣದಲ್ಲಿ ಹರಡಿದ ಕಾಫಿಯ ಮೇಲೆ ದಿನಾ ಮಳೆ ಬಿದ್ದ ಹಾಗೆ. ಕಾಳು ನೆಂದು ಪುಡಿಯಾಗಿ, ಆ ಬಿಳಿ ಪುಡಿ ವಾಲ್ವಿನೊಳಗೆ ಸೇರಿ ಅಂಟುತ್ತದೆ. ಚೀಲದ ಒಂದು ಬಿರುಕಿನಿಂದ ಶುರುವಾದದ್ದು ಕಂಪ್ರೆಸರ್, ಡಬ್ಬಿ, ವಾಲ್ವು ಎಲ್ಲವನ್ನೂ ತಿನ್ನುತ್ತದೆ. ಸೋರಿಕೆ ಕಂಡ ತಿಂಗಳಲ್ಲೇ ಸರಿಪಡಿಸಿದರೆ ಒಂದು ಚೀಲದ ಖರ್ಚು, ವರ್ಷ ಬಿಟ್ಟರೆ ಎಲ್ಲದರ ಖರ್ಚು.

ಪತ್ತೆ ಹಚ್ಚಿದ ಬಗೆ

ನಮ್ಮ ಪುಣ್ಯಕ್ಕೆ ಸರ್ಕಾರಿ ಬಸ್ ಡಿಪೋದಲ್ಲಿ ದುಡಿದು ನಿವೃತ್ತರಾದ ಹಿರಿಯ ಮೆಕ್ಯಾನಿಕ್ ಒಬ್ಬರು ಪಕ್ಕದ ಊರಿನಲ್ಲಿದ್ದಾರೆ. ಬಂದವರು ಗಾಡಿಯ ಅಡಿಗೆ ಬಗ್ಗಿಯೂ ನೋಡಲಿಲ್ಲ. ಮೊದಲು ಬ್ಯಾಟರಿಗೆ ಮೀಟರು ಹಿಡಿದರು. ಪೂರ್ತಿ ಚಾರ್ಜಾದ ಬ್ಯಾಟರಿ 12.6 ವೋಲ್ಟಿನಷ್ಟು ತೋರಿಸಬೇಕು. ನಮ್ಮದು 12ಕ್ಕೂ ಕೆಳಗಿತ್ತು. “ಗೌಡ್ರೇ, ಹೊಟ್ಟೆಗಿಲ್ದಿರೋನ್ನ ಭಾರ ಎತ್ತು ಅಂದ್ರೆ ಎತ್ತಾನಾ? ಮೊದ್ಲು ಇದಕ್ಕೊಂದು ಬ್ಯಾಟರಿ ಹಾಕಿ” ಎಂದರು. ಹೊಸ ಬ್ಯಾಟರಿ ಹಾಕಿದ ಮೇಲೆ ಫಲಕದ ಮೇಲಿನ ಎಚ್ಚರಿಕೆಗಳಲ್ಲಿ ಎರಡು ತಾವಾಗಿಯೇ ಆರಿಹೋದವು! ಕಂಪ್ಯೂಟರ್ ಕೆಟ್ಟಿದೆ ಎಂದಿದ್ದು ಇದನ್ನೇ ಇರಬೇಕು.

ಎರಡನೆಯದಾಗಿ ಕಂಪ್ರೆಸರಿಗೆ ವಿದ್ಯುತ್ ಬಿಡುವ ರಿಲೇ ಕಿತ್ತು ಹೊಸದು ಹಾಕಿದರು. ಬೆಂಕಿಪೊಟ್ಟಣದಷ್ಟು ಸಣ್ಣದು, ಬೆಲೆಯೂ ಅಲ್ಪ. ಆದರೆ ಅದರೊಳಗಿನ ತುದಿಗಳು ಸುಟ್ಟು ಅಂಟಿಕೊಂಡರೆ ಕಂಪ್ರೆಸರ್ ನಿಲ್ಲದೆ ಓಡಿ ಕೆಟ್ಟುಹೋಗುತ್ತದೆ. ಹಳೆಯ ಗಾಡಿ ಕೊಂಡವರು ಕೇಳದೆಯೇ ಬದಲಿಸಬೇಕಾದ ಸಾಮಾನು ಇದು.

ಮೂರನೆಯದೇ ಮುಖ್ಯ. ಎಂಜಿನ್ ಓಡಿಸಿ, ಗಾಡಿ ಗೊರಗೊರ ಎನ್ನುತ್ತ ನಿಧಾನವಾಗಿ ಎದ್ದು ಮಾಮೂಲು ಎತ್ತರಕ್ಕೆ ಬಂದ ಮೇಲೆ, ಎಂಜಿನ್ ನಿಲ್ಲಿಸಿ ಗಾಳಿ ವ್ಯವಸ್ಥೆಯ ಫ್ಯೂಸನ್ನೇ ಕಿತ್ತು ಜೇಬಿಗೆ ಹಾಕಿಕೊಂಡರು. ಚಕ್ರದ ನಡುಮಧ್ಯದಿಂದ ಮಡ್‌ಗಾರ್ಡಿನ ಅಂಚಿನವರೆಗೆ ನಾಲ್ಕೂ ಕಡೆ ಟೇಪು ಹಿಡಿದು ಅಳೆದು, ಕೊಟ್ಟಿಗೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರು. ನೆಲದಿಂದ ಅಳೆಯಬಾರದು, ಅಂಗಳ ಏರುತಗ್ಗು ಇರುತ್ತದೆ, ಟೈರಿನ ಗಾಳಿಯೂ ಲೆಕ್ಕ ತಪ್ಪಿಸುತ್ತದೆ.

ಫ್ಯೂಸು ಕೀಳುವುದೇಕೆ? ಇಂಥ ಅನೇಕ ಗಾಡಿಗಳ ಕಂಪ್ಯೂಟರ್ ಗಾಡಿ ನಿಂತಿದ್ದಾಗಲೂ ಆಗಾಗ ಎಚ್ಚರಗೊಂಡು ನಾಲ್ಕು ಮೂಲೆಯನ್ನೂ ನೋಡುತ್ತದೆ. ಒಂದು ಮೂಲೆ ತಗ್ಗಿದ್ದರೆ, ಗಾಡಿ ಓರೆಯಾಗಬಾರದೆಂದು ಉಳಿದ ಮೂರರ ಗಾಳಿಯನ್ನೂ ಬಿಟ್ಟು ಅದಕ್ಕೆ ಸಮ ಮಾಡುತ್ತದೆ. ರಾತ್ರಿಯೆಲ್ಲ ಹೀಗೆ ನಡೆದರೆ ಬೆಳಗ್ಗೆ ನಾಲ್ಕೂ ನೆಲ ಕಚ್ಚಿರುತ್ತವೆ. ಸೋರುವುದು ಒಂದು, ಕೂರುವುದು ನಾಲ್ಕು! ಮಂಡ್ಯದಲ್ಲಿ ನಾಲ್ಕು ಚೀಲವೂ ಹೋಗಿದೆ ಎಂದದ್ದು ಈ ನೋಟದಿಂದಲೇ. ಫ್ಯೂಸು ತೆಗೆದರೆ ಕಂಪ್ಯೂಟರಿನ ಕೈ ಕಟ್ಟಿದಂತೆ. ಸೋರುವ ಮೂಲೆ ಮಾತ್ರ ಇಳಿಯುತ್ತದೆ.

ಬೆಳಗ್ಗೆ ಹಾಲು ಕರೆಯುವ ಹೊತ್ತಿಗೆ ಟೇಪು ಹಿಡಿದೆವು. ಮೂರು ಮೂಲೆ ಗೋಡೆಯ ಮೇಲಿನ ಲೆಕ್ಕದಲ್ಲೇ ಇದ್ದವು. ಹಿಂದಿನ ಎಡಮೂಲೆ ಮಾತ್ರ ನಾಲ್ಕು ಬೆರಳು ಇಳಿದಿತ್ತು. ನಾಲ್ಕು ಚೀಲದ ಪಟ್ಟಿ ಅಷ್ಟರಲ್ಲೇ ಹರಿದುಹೋಯಿತು. ಮುಂದಿನ ಎರಡು ಮೂಲೆ ಒಟ್ಟಿಗೇ ಇಳಿದಿದ್ದರೆ ಚೀಲಕ್ಕಿಂತ ಮೊದಲು ವಾಲ್ವನ್ನು ಅನುಮಾನಿಸಬೇಕಿತ್ತು ಎಂದು ಯಜಮಾನರು ಹೇಳಿದರು.

ಆಮೇಲೆ ಸಾಬೂನು ನೀರು. ಪಂಕ್ಚರ್ ಅಂಗಡಿಯ ತೊಟ್ಟಿಯ ವಿದ್ಯೆಯೇ. ಮೊದಲು ಕೊಳವೆ ಸೇರುವ ಕೀಲಿಗೆ ಹಚ್ಚಿದರು, ಗುಳ್ಳೆ ಬರಲಿಲ್ಲ. ಗಾಡಿಯನ್ನು ಅತಿ ಎತ್ತರಕ್ಕೆ ಏರಿಸಿ, ಅಡಗಿದ್ದ ಮಡಿಕೆ ಬಿಚ್ಚಿಕೊಂಡ ಮೇಲೆ ಬ್ರಶ್ಶಿನಿಂದ ಹಚ್ಚಿದಾಗ ಮಡಿಕೆಯ ಸುತ್ತ ಹೆಸರುಕಾಳಿನಷ್ಟು ಗುಳ್ಳೆಗಳ ಸಾಲೇ ಎದ್ದಿತು. ಅದೇ ಚಕ್ರದ ಎತ್ತರದ ಸೆನ್ಸರಿನ ಕಡ್ಡಿ ಮುರಿದಿದ್ದು, ಹಿಂದಿನ ಮಾಲೀಕರು ಯಾರಿಂದಲೋ ಕಟ್ಟುತಂತಿ ಸುತ್ತಿಸಿದ್ದರು. ಲಕ್ಷಗಟ್ಟಲೆ ಬೆಲೆಯ ಗಾಡಿಗೆ ಬೇಲಿ ಕಟ್ಟುವ ತಂತಿ!

ಪ್ರಾಣಕ್ಕೆ ಸಂಬಂಧಿಸಿದ ಮಾತು

ಇಲ್ಲಿ ಸ್ವಲ್ಪ ನಿಂತು ಓದಬೇಕೆಂದು ಸದಸ್ಯರಲ್ಲಿ ವಿನಂತಿ. ಗಾಡಿ ಎತ್ತರದಲ್ಲಿ ನಿಂತಿದ್ದಾಗ ಭಾವಮೈದುನ ಬ್ಯಾಟರಿ ದೀಪ ಹಿಡಿದು ಅಡಿಗೆ ನುಸುಳಲು ಹೊರಟ. ಯಜಮಾನರು ಅವನ ಕಾಲು ಹಿಡಿದು ಎಳೆದರು. “ಅದು ನಿಂತಿರೋದು ಕಬ್ಬಿಣದ ಮ್ಯಾಲಲ್ಲ ಕಣಪ್ಪಾ, ಗಾಳಿ ಮ್ಯಾಲೆ” ಎಂದು ಗದರಿ, ಛಾಸಿಯ ಕೆಳಗೆ ಎರಡು ಜಾಕಿ ಸ್ಟ್ಯಾಂಡು ಕೊಟ್ಟು, ಅದು ಸಾಲದೆಂದು ಪಕ್ಕದಲ್ಲಿ ಸಿಲ್ವರ್ ಓಕಿನ ಎರಡು ದಿಮ್ಮಿ ಪೇರಿಸಿದ ಮೇಲೆಯೇ ಬಿಟ್ಟದ್ದು. ಅರ್ಧ ಗಂಟೆ ಕಳೆದಿರಬಹುದು. ಹಳೆಯ ಮಡಿಕೆ ಹಿಂಜಿಹೋಗಿ ‘ಬುಸ್ಸ್’ ಎಂದಿತು. ಗಾಡಿ ಒಂದೇ ಏಟಿಗೆ ಸ್ಟ್ಯಾಂಡಿನ ಮೇಲೆ ಕೂತಿತು. ಅವನ ತಲೆಗೂ ಛಾಸಿಗೂ ನಡುವೆ ಉಳಿದದ್ದು ಒಂದು ಗೇಣು. ಆ ರಾತ್ರಿ ನನ್ನ ಹೆಂಡತಿಗೆ ಈ ವಿಷಯ ಹೇಳಲಿಲ್ಲ. ಈ ಪುಟದಲ್ಲಿ ಓದಿದರೆ ಓದಲಿ.

ಆದಕಾರಣ ಗಾಳಿ ಸ್ಪ್ರಿಂಗಿನ ಗಾಡಿಯ ಕೆಳಗೆ, ಟೈರಿಗೂ ಮಡ್‌ಗಾರ್ಡಿಗೂ ನಡುವೆ, ಆಧಾರ ಕೊಡದೆ ಕೈಯನ್ನೂ ಹಾಕಬೇಡಿ. ಬರೀ ಜಾಕಿಯನ್ನು ನಂಬಬೇಡಿ. ಕೊಳವೆ ಬಿಚ್ಚುವ ಮೊದಲು ಗಾಳಿಯನ್ನು ಪೂರ್ತಿ ಇಳಿಸತಕ್ಕದ್ದು. ಅಷ್ಟು ಒತ್ತಡದ ಗಾಳಿ ಧೂಳಿನೊಡನೆ ಕಣ್ಣಿಗೆ ಹೊಡೆದರೆ ಕಣ್ಣು ಹೋಗುತ್ತದೆ. ಗಾಳಿ ಕೂಡಿಡುವ ತೊಟ್ಟಿಯಲ್ಲಿ ಒತ್ತಡ ಉಳಿದೇ ಇರುತ್ತದೆ ಎಂಬುದನ್ನೂ ಮರೆಯಬಾರದು.

ದುರಸ್ತಿ

ಊರಿನಲ್ಲಿ ಒಬ್ಬರು ಚೀಲಕ್ಕೆ ಪ್ಯಾಚು ಹಾಕಿಸಿ ಎಂದರು. ಸರಿಯಲ್ಲ. ಸದಾ ಉರುಳುವ ಮಡಿಕೆಯ ಮೇಲೆ, ಅಂಥ ಒತ್ತಡಕ್ಕೆ ಪ್ಯಾಚು ನಿಲ್ಲುವುದಿಲ್ಲ. ತಿರುವಿನಲ್ಲಿ ಬಿಟ್ಟರೆ ಗಾಡಿಯೇ ಮಗುಚೀತು. ಶಿವಾಜಿನಗರದ ಗುಜರಿಯಲ್ಲಿ ಹಳೆಯ ಚೀಲ ಸಿಗುತ್ತದೆ ಎಂದರು ಮತ್ತೊಬ್ಬರು. ಗುಜರಿಯಿಂದ ಬಾಗಿಲು, ಕನ್ನಡಿ ತರಬಹುದು. ರಬ್ಬರು ತರಬಾರದು, ಅದೂ ನಮ್ಮದಷ್ಟೇ ಮುದಿಯಾಗಿರುತ್ತದೆ.

ಹಿಂದಿನ ಎರಡೂ ಚೀಲ ಹೊಸದಾಗಿ ತರಿಸಿದೆವು. ಸೋರುತ್ತಿದ್ದುದು ಒಂದೇ ಆದರೂ ಜೋಡಿ ಎತ್ತಿನಲ್ಲಿ ಒಂದನ್ನೇ ಬದಲಿಸುವುದು ಒಳ್ಳೆಯದಲ್ಲ. ಹೊಸ ಚೀಲ ಕೂರಿಸುವಾಗ ಎರಡು ವಿಷಯ ಗಮನಿಸಬೇಕು. ಕೊಳವೆಯ ತುದಿಯನ್ನು ಹರಿತ ಬ್ಲೇಡಿನಿಂದ ನೇರವಾಗಿ ಕತ್ತರಿಸಿ ಕೂರಿಸಬೇಕು, ಓರೆಯಾದರೆ ಕೀಲಿಯಲ್ಲಿ ಸೋರುತ್ತದೆ. ಚೀಲಕ್ಕೆ ಸ್ವಲ್ಪ ಗಾಳಿ ತುಂಬಿ ಮಡಿಕೆ ಸರಿಯಾಗಿ ಕೂತ ಮೇಲೆಯೇ ಗಾಡಿಯ ಭಾರ ಅದರ ಮೇಲೆ ಬಿಡಬೇಕು. ಬರಿದಾದ ಚೀಲದ ಮೇಲೆ ಭಾರ ಬಿಟ್ಟರೆ ಮೊದಲ ದಿನವೇ ಹೊಸ ರಬ್ಬರು ಸೀಳುತ್ತದೆ.

ಕಂಪ್ರೆಸರನ್ನು ಬಿಚ್ಚಿ ನೋಡಿದರೆ ಮೋಟಾರು ಚೆನ್ನಾಗಿತ್ತು. ಉಂಗುರ ಸವೆದಿತ್ತು, ಡಬ್ಬಿಯ ಕಾಳು ಒದ್ದೆ ಸುಣ್ಣದಂತಾಗಿತ್ತು. ಉಂಗುರವನ್ನೂ ಕಾಳನ್ನೂ ಬದಲಿಸಿದೆವು, ಇಡೀ ಕಂಪ್ರೆಸರಿನ ಖರ್ಚು ಉಳಿಯಿತು. ಮೋಟಾರೇ ಸುಟ್ಟಿದ್ದರೆ ಈ ಉಪಾಯ ನಡೆಯುತ್ತಿರಲಿಲ್ಲ. ಕಾಳು ಮೂಲದ್ದೇ ಜಾತಿಯದು, ಅದೇ ಗಾತ್ರದ್ದು ಇರಬೇಕು. ವಾಲ್ವುಗಳನ್ನು ಒಣಗಾಳಿಯಿಂದ ಊದಿ ಚೊಕ್ಕಟ ಮಾಡಿದೆವು. ಸೀಮೆಎಣ್ಣೆ, ಡೀಸೆಲ್ಲಿನಲ್ಲಿ ತೊಳೆಯಬಾರದು, ಒಳಗಿನ ರಬ್ಬರ್ ಉಂಗುರಗಳು ಊದಿಕೊಳ್ಳಬಹುದು. ಸೆನ್ಸರಿನ ಕಡ್ಡಿ ಹೊಸದು ಹಾಕಿದ್ದರಿಂದ ಎತ್ತರದ ಲೆಕ್ಕವನ್ನು ಕಂಪ್ಯೂಟರಿಗೆ ಮತ್ತೆ ಕಲಿಸಬೇಕಾಯಿತು. ಇದಕ್ಕೆ ಮೈಸೂರಿನಿಂದ ಒಬ್ಬ ಹುಡುಗ ಲ್ಯಾಪ್‌ಟಾಪ್ ತಂದು ಅರ್ಧ ದಿನ ಕೆಲಸ ಮಾಡಿದ. ಎಲ್ಲ ಸೇರಿ ಖರ್ಚು ಮಂಡ್ಯದ ಪಟ್ಟಿಯ ಮೂರರಲ್ಲೊಂದು ಪಾಲು. ಕಡಿಮೆಯೇನಲ್ಲ, ಕಣದ ಒಂದು ಮಗ್ಗುಲಿಗಾದರೂ ಕಾಂಕ್ರೀಟು ಬೀಳುತ್ತಿತ್ತು.

ಸುರುಳಿ ಸ್ಪ್ರಿಂಗಿಗೆ ಬದಲಿಸಬಹುದೆ?

ಗಾಳಿ ವ್ಯವಸ್ಥೆಯನ್ನೇ ಕಿತ್ತು ಸುರುಳಿ ಸ್ಪ್ರಿಂಗು ಹಾಕುವ ಸಾಮಾನಿನ ಕಟ್ಟು ಹಲವು ಗಾಡಿಗಳಿಗೆ ಸಿಗುತ್ತದೆ. ಸೋರುವ ಚಿಂತೆ ಇಲ್ಲ. ಆದರೆ ಎತ್ತರ ಏರಿಸುವ ಅನುಕೂಲ ಹೋಗುತ್ತದೆ, ಭಾರ ಹಾಕಿದರೆ ಹಿಂದಕ್ಕೆ ಬಾಗುತ್ತದೆ, ಕಂಪ್ಯೂಟರನ್ನು ಸುಮ್ಮನಿರಿಸಲು ಇನ್ನೊಂದು ಉಪಕರಣ ಬೇಕು. ಮೋಟಾರು ವಾಹನ ಕಾಯಿದೆ, 1988ರ 52ನೆಯ ಕಲಮು ಗಾಡಿಯಲ್ಲಿ ಮಾಡುವ ಬದಲಾವಣೆಗಳಿಗೆ ನಿರ್ಬಂಧ ಹಾಕಿದೆ. ಆದ್ದರಿಂದ ಆರ್‌ಟಿಒ ಕಚೇರಿಯನ್ನೂ ವಿಮೆಯವರನ್ನೂ ಮೊದಲು ಕೇಳಿ, ಆಮೇಲೆ ಕೈಹಾಕುವುದು ಕ್ಷೇಮ. ಗಾಡಿ ಹೆಚ್ಚಾಗಿ ಡಾಂಬರು ರಸ್ತೆಯಲ್ಲೇ ಓಡುವುದಾದರೆ ಯೋಚಿಸಬಹುದು. ತೋಟದ ದಾರಿಗೆಂದೇ ಕೊಂಡ ಗಾಡಿಗೆ ಹಾಗೆ ಮಾಡಿದರೆ ಕೊಂಡದ್ದೇಕೆ ಎಂಬ ಪ್ರಶ್ನೆ ಏಳುತ್ತದೆ. ನನ್ನ ಅಭಿಪ್ರಾಯ ಇಷ್ಟೇ, ಒಪ್ಪದವರು ಇರಬಹುದು.

ಕೊಳ್ಳುವವರಿಗೆ

ಹಳೆಯ ಗಾಡಿ ನೋಡಲು ಹೋಗುವಾಗ ಮುಂಚೆ ಹೇಳದೆ ಬೆಳಗ್ಗೆ ಬೇಗ ಹೋಗಿ. ಮಾರುವವರು ನೀವು ಬರುವ ಮೊದಲೇ ಎಂಜಿನ್ ಓಡಿಸಿ ಎಬ್ಬಿಸಿ ನಿಲ್ಲಿಸಿರುತ್ತಾರೆ. ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿ, ಬಿಸಿಯಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ. ಎಲ್ಲ ಎತ್ತರಗಳಿಗೂ ಏರಿಸಿ ಇಳಿಸಿ, ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ. ಟೈರಿನ ಒಳಬದಿಯಿಂದ ದೀಪ ಬಿಟ್ಟು ಮಡಿಕೆ ನೋಡಿ.

ಕೊಂಡ ಮೇಲೆ ವಾರಕ್ಕೊಮ್ಮೆಯಾದರೂ ಓಡಿಸಿ. ನಾಲೆಯ ಏರಿಯ ಕೆಸರು, ಕಬ್ಬಿನ ಗದ್ದೆಯ ದಾರಿಯ ಧೂಳು ಮಡಿಕೆಯಲ್ಲಿ ಕೂರದಂತೆ ಬರಿಯ ನೀರಿನಿಂದ ತೊಳೆಯಿರಿ. ಸರ್ವೀಸ್ ಸ್ಟೇಷನ್ನಿನಲ್ಲಿ ತೊಳೆದ ಮೇಲೆ ಅಡಿಗೆಲ್ಲ ಡೀಸೆಲ್ಲೋ ಹಳೆಯ ಆಯಿಲ್ಲೋ ಸಿಂಪಡಿಸುವ ರೂಢಿ ನಮ್ಮಲ್ಲಿದೆ. ಜೀಪಿನ ಕಮಾನು ಪಟ್ಟಿಗೆ ಅದು ಒಳ್ಳೆಯದಿರಬಹುದು, ಈ ರಬ್ಬರಿಗೆ ವಿಷ. ಬೇಡವೆಂದು ನಿಂತು ಹೇಳಬೇಕು, ಹುಡುಗರು ಕೇಳದೆಯೇ ಹೊಡೆದುಬಿಡುತ್ತಾರೆ. ಅಡಿಕೆ ಸಿಪ್ಪೆ ರಾಶಿಯ ಪಕ್ಕ ನಿಲ್ಲಿಸಬೇಡಿ. ಇಲಿ ಸೇರಿ ಸೆನ್ಸರಿನ ತಂತಿ ಕಡಿಯುತ್ತದೆ.

ಗಾಡಿ ಈಗ ಸೋಮವಾರಪೇಟೆಯಲ್ಲಿದೆ. ಮುಂದಿನ ಎರಡು ಚೀಲ ಹಳೆಯವೇ. ಮಡಿಕೆಯಲ್ಲಿ ಸಣ್ಣ ಗೀರುಗಳಿವೆ, ಸೋರಿಕೆ ಇನ್ನೂ ಇಲ್ಲ. ಭಾವಮೈದುನ ಪ್ರತಿ ಶನಿವಾರ ರಾತ್ರಿ ಫ್ಯೂಸು ಕಿತ್ತು, ಭಾನುವಾರ ಬೆಳಗ್ಗೆ ಟೇಪು ಹಿಡಿದು, ನಾಲ್ಕು ಅಂಕಿಗಳನ್ನು ಪಲ್ಪರ್ ಮನೆಯ ಗೋಡೆಯ ಮೇಲೆ ಬರೆಯುತ್ತಾನೆ. ಕಳೆದ ವಾರ ಮುಂದಿನ ಬಲಮೂಲೆ ಅರ್ಧ ಬೆರಳು ಕಡಿಮೆ ಬಂದಿದೆಯಂತೆ.